ಇಂಪು ಕಂಠದಲ್ಲಲ್ಲ, ತಂತಿಯಲ್ಲಿ: ಗೋಥೆನ್‌ಬರ್ಗ್‌ನಿಂದ ಮ್ಯಾಸಚೂಸೆಟ್ಸ್‌ವರೆಗೆ

‘ಮೆಲೋಡಿಕ್ ಡೆತ್ ಮೆಟಲ್’ ಎಂಬ ಹೆಸರಿನಲ್ಲಿರುವ ‘ಮೆಲೋಡಿಕ್’ ವಿಶೇಷಣ ನಮ್ಮ ಕಿವಿಗೆ ಮೋಸ ಮಾಡುತ್ತದೆ. ನಮ್ಮಲ್ಲಿ ಇಂಪೆಂದರೆ ಕಂಠದ್ದು. ವೀಣೆ, ಕೊಳಲುಗಳನ್ನೂ ಹಾಡಿದಂತೆ ನುಡಿಸಿದರೇ ಮೆಚ್ಚುಗೆ. ಈ ಎಣಿಕೆಯಲ್ಲಿ ಸ್ವೀಡನ್ನಿನ ಇನ್ ಫ್ಲೇಮ್ಸ್ ತಂಡವನ್ನು ಕೇಳಲು ಕೂತ ಹೊಸಬ ಮೊದಲ ಅರಚಾಟಕ್ಕೇ ಹೆಡ್‌ಫೋನ್ ಕಳಚಿಡುತ್ತಾನೆ. ‘ಯಾವ ಬ್ಯಾಂಡ್ ಕೇಳಲಿ?’ ಎಂದು ಬಂದವನನ್ನು ನಾವು ಮರುಪ್ರಶ್ನೆ ಕೇಳಬೇಕು: ಇಂಪು ಗಂಟಲಲ್ಲಿ ಬೇಕೋ, ತಂತಿಯಲ್ಲೋ? ಈ ಪ್ರಕಾರದ ಚರಿತ್ರೆಯೆಲ್ಲ ಆ ಎರಡರ ನಡುವಿನ ಓಡಾಟವೇ ಎಂಬುದು ಈ ಲೇಖನದ ವಾದ.

ಎಂಟೂಂಬ್ಡ್ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’ (1990) ಸ್ಟಾಕ್‌ಹೋಮಿನ ಡೆತ್ ಮೆಟಲ್‌ಗೆ ಗರಗಸದ ಸದ್ದು ಕೊಟ್ಟಿತ್ತು. ಎಚ್‌ಎಂ-2 ಎಂಬ ಗಿಟಾರ್ ಪೆಡಲಿನ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ತೆಗೆದ ಸದ್ದು ಅದು. ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್‌ನ ಹುಡುಗರು ಬೇರೆ ದಾರಿ ಹಿಡಿದರು. ಅವರ ಬಳಗ ಎಷ್ಟು ಚಿಕ್ಕದಿತ್ತೆಂದರೆ, ಡಾರ್ಕ್ ಟ್ರ್ಯಾಂಕ್ವಿಲಿಟಿಯ ಮೊದಲ ಆಲ್ಬಮ್ಮಿನಲ್ಲಿ (1993) ಹಾಡಿದ ಆಂಡರ್ಸ್ ಫ್ರೀಡೆನ್ ಆಮೇಲೆ ಇನ್ ಫ್ಲೇಮ್ಸ್ ಸೇರಿದ. ಇನ್ ಫ್ಲೇಮ್ಸ್‌ನ ಮೊದಲ ಆಲ್ಬಮ್ಮಿಗೆ (1994) ದನಿ ಕೊಟ್ಟ ಮಿಕಾಯೆಲ್ ಸ್ಟಾನೆ ಡಾರ್ಕ್ ಟ್ರ್ಯಾಂಕ್ವಿಲಿಟಿಯ ಗಾಯಕನಾದ. ಗಾಯಕರು ಹೀಗೆ ಅದಲುಬದಲಾದರೂ ಸಂಗೀತದ ಗುರುತು ಕೆಡಲಿಲ್ಲ, ಏಕೆಂದರೆ ಗುರುತಿದ್ದದ್ದು ಗಿಟಾರಿನಲ್ಲಿ.

ಆ ಗಿಟಾರ್ ಶೈಲಿಯ ಕಟ್ಟಡ ಸರಳ. ಒಂದು ಗಿಟಾರ್ ಇಂಪಿನ ಸಾಲನ್ನು ನುಡಿಸಿದರೆ ಇನ್ನೊಂದು ಅದೇ ಸಾಲನ್ನು ಮೂರನೆಯ ಸ್ವರದ ಅಂತರದಲ್ಲಿ ಹಿಂಬಾಲಿಸುತ್ತದೆ: ಇದು ಷಡ್ಜದಲ್ಲಿದ್ದಾಗ ಅದು ಗಾಂಧಾರದಲ್ಲಿ. ಸ್ವರಸಮೂಹ ಬಹುಪಾಲು ಪಾಶ್ಚಾತ್ಯರ ಮೈನರ್, ಅಂದರೆ ನಮ್ಮ ನಟಭೈರವಿ ಮೇಳದ ಸ್ವರಗಳು. ಗಮಕವಿಲ್ಲ, ಹಾಗಾಗಿ ರಾಗವೆನ್ನಲಾಗದು. ಆದರೂ ಕೀರವಾಣಿ, ನಟಭೈರವಿ ಕೇಳಿದ ಕಿವಿಗೆ ದಾರಿ ತೀರ ಅಪರಿಚಿತವಲ್ಲ. ಜೋಡಿ ಗಿಟಾರಿನ ಈ ಪಾಠ ಬಂದದ್ದು ಥಿನ್ ಲಿಜ್ಜಿ, ಐರನ್ ಮೇಡನ್‌ಗಳಿಂದ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವರ ಕಿವಿ ಅರ್ಧ ಪಳಗಿದೆ ಎಂದೇ ನನ್ನ ಎಣಿಕೆ.

1995ರಲ್ಲಿ ಎರಡು ಮುಖ್ಯ ಆಲ್ಬಮ್‌ಗಳು ಬಂದವು. ಎರಡನ್ನೂ ಧ್ವನಿಮುದ್ರಿಸಿದ್ದು ಫ್ರೆಡ್ರಿಕ್ ನೋರ್ಡ್‌ಸ್ಟ್ರೋಮ್‌ನ ಸ್ಟುಡಿಯೊ ಫ್ರೆಡ್‌ಮನ್‌ನಲ್ಲಿ. ಡಾರ್ಕ್ ಟ್ರ್ಯಾಂಕ್ವಿಲಿಟಿಯ ‘ದಿ ಗ್ಯಾಲರಿ’ ಕುಸುರಿ ಕೆಲಸ. ಅಟ್ ದಿ ಗೇಟ್ಸ್‌ನ ‘ಸ್ಲಾಟರ್ ಆಫ್ ದಿ ಸೋಲ್’ ಒಂದೇ ಏಟು. ಸಂಗೀತವಾಗಿ ಮೊದಲನೆಯದೇ ಸಮೃದ್ಧ. ಆದರೆ ಅಮೆರಿಕದ ಹಾರ್ಡ್‌ಕೋರ್ ಪಂಕ್ ಹುಡುಗರು ಆರಿಸಿಕೊಂಡದ್ದು ಎರಡನೆಯದನ್ನು. ಏಕೆ?

ಇಂಪು ಎಲ್ಲರಲ್ಲೂ ಇತ್ತು. ಹಾರ್ಡ್‌ಕೋರ್‌ಗೆ ಹೊಂದಿಕೆಯಾದದ್ದು ಮಿತವ್ಯಯ. ಅಟ್ ದಿ ಗೇಟ್ಸ್ ತನ್ನ ಮೊದಲ ಆಲ್ಬಮ್ಮಿನಲ್ಲಿ (1992) ಪಿಟೀಲು ಸೇರಿಸಿ, ಹಾಡುಗಳನ್ನು ಗಂಟುಗಂಟಾಗಿ ಹೆಣೆದಿತ್ತು. ಮೂರೇ ವರ್ಷದಲ್ಲಿ ಅದನ್ನೆಲ್ಲ ಕತ್ತರಿಸಿ, ಹನ್ನೊಂದು ಹಾಡುಗಳನ್ನು 34 ನಿಮಿಷಕ್ಕಿಳಿಸಿತು. ಗಾಯಕ ಥಾಮಸ್ ಲಿಂಡ್‌ಬೆರಿ ಹಾರ್ಡ್‌ಕೋರ್ ಪಂಕ್‌ನ ಪರಮ ಭಕ್ತನಾಗಿದ್ದ. ಮುಂದೆ ಡಿಸ್‌ಫಿಯರ್‌ನಂಥ ಪಂಕ್ ತಂಡಗಳಲ್ಲೂ ಹಾಡಿದ. ಪಂಕ್ ಕೇಳಿ ಬೆಳೆದವರಿಗೆ ಈ ಆಲ್ಬಮ್ಮಿನ ಓಟದ ಡ್ರಮ್ಮು ತವರಿನ ಲಯದಂತೆ ಕೇಳಿಸಿರಬೇಕು. ಮರುವರ್ಷವೇ ತಂಡ ಒಡೆದುಹೋಯಿತು. ಅನುಕರಿಸಲು ಉಳಿದದ್ದು ಆಲ್ಬಮ್ ಮಾತ್ರ.

ಅಮೆರಿಕದವರು ಅದಕ್ಕೆ ತಮ್ಮದೊಂದನ್ನು ಸೇರಿಸಿದರು: ಬ್ರೇಕ್‌ಡೌನ್. ದ್ರುತದಲ್ಲಿ ಓಡುತ್ತಿದ್ದ ಲಯ ಒಮ್ಮೆಲೇ ವಿಳಂಬಕ್ಕೆ ಬೀಳುತ್ತದೆ, ಅಂಗೈಯಿಂದ ಅದುಮಿದ ತಂತಿಗಳು ಡ್ರಮ್ಮಿನೊಡನೆ ಒನಕೆಯಂತೆ ಕುಟ್ಟುತ್ತವೆ. ಸ್ವೀಡನ್ನಿನ ಗಿಟಾರಿಗೂ ಈ ಕುಟ್ಟಿಗೂ ನಂಟು ಬೆಳೆದದ್ದು ಮುಖ್ಯವಾಗಿ ಮ್ಯಾಸಚೂಸೆಟ್ಸ್‌ನಲ್ಲಿ. ಶ್ಯಾಡೋಸ್ ಫಾಲ್, ಅನರ್ತ್ ಅಲ್ಲಿಯವೇ. ಓವರ್‌ಕಾಸ್ಟ್, ಆಫ್ಟರ್‌ಶಾಕ್ ಎಂಬ ತಂಡಗಳು ಮುಗಿದ ಮೇಲೆ ಅವುಗಳ ಸದಸ್ಯರು 1999ರಲ್ಲಿ ಕಟ್ಟಿದ್ದು ಕಿಲ್‌ಸ್ವಿಚ್ ಎಂಗೇಜ್. ಅದರ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’ನಲ್ಲಿ (2002) ಅರಚಾಟದ ಚರಣದ ಬೆನ್ನಿಗೇ ಬಾಯ್ತುಂಬ ಹಾಡುವ ಪಲ್ಲವಿ ಬರುತ್ತದೆ. ತಂತಿಯ ಇಂಪು ಕಂಠಕ್ಕೆ ಏರಿದ್ದು ಇಲ್ಲಿ. ಮುಂದೆ ಈ ಸೂತ್ರವನ್ನು ಎಷ್ಟು ಜನ ಅರೆದರೆಂದರೆ, ಪಲ್ಲವಿ ಯಾವಾಗ ಬರುತ್ತದೆಂದು ಗಡಿಯಾರ ನೋಡಿ ಹೇಳಬಹುದಿತ್ತು.

ಪ್ರಭಾವವನ್ನು ಊಹಿಸಬೇಕಿಲ್ಲ, ಒಂದು ದಾಖಲೆಯೇ ಇದೆ. ವಾಷಿಂಗ್ಟನ್ನಿನ ಡಾರ್ಕೆಸ್ಟ್ ಅವರ್ ತನ್ನ ‘ಹಿಡನ್ ಹ್ಯಾಂಡ್ಸ್ ಆಫ್ ಎ ಸೇಡಿಸ್ಟ್ ನೇಶನ್’ (2003) ಆಲ್ಬಮ್ಮನ್ನು ಸಾಗರ ದಾಟಿ ಹೋಗಿ ಅದೇ ಸ್ಟುಡಿಯೊ ಫ್ರೆಡ್‌ಮನ್‌ನಲ್ಲಿ, ಅದೇ ನೋರ್ಡ್‌ಸ್ಟ್ರೋಮ್ ಕೈಯಲ್ಲಿ ಮಾಡಿಸಿತು. ಅತಿಥಿಗಳಾಗಿ ಬಂದವರು ಅಟ್ ದಿ ಗೇಟ್ಸ್‌ನ ಲಿಂಡ್‌ಬೆರಿ ಮತ್ತು ಗಿಟಾರಿಸ್ಟ್ ಆಂಡರ್ಸ್ ಬ್ಯೋರ್ಲರ್.

ಕಂಠದ ಇಂಪು ಬೇಕೆನ್ನುವವನಿಗೆ ಕಿಲ್‌ಸ್ವಿಚ್ ಎಂಗೇಜ್ ಸಾಕು, ಅವನು ಅಲ್ಲೇ ನಿಂತರೂ ನಷ್ಟವಿಲ್ಲ. ತಂತಿಯದು ಬೇಕೆನ್ನುವವನಿಗೆ ‘ದಿ ಗ್ಯಾಲರಿ’ಯನ್ನೇ ಮೊದಲು ಕೊಡುತ್ತೇನೆ, ಆಮೇಲೆ ‘ಸ್ಲಾಟರ್ ಆಫ್ ದಿ ಸೋಲ್’, ಅದರ ಬೆನ್ನಿಗೇ ಡಾರ್ಕೆಸ್ಟ್ ಅವರ್. ಮೊದಲ ಸಲ ಕೇಳುವಾಗ ಗಾಯಕನನ್ನು ಅವನ ಪಾಡಿಗೆ ಅರಚಲು ಬಿಟ್ಟು, ಎರಡು ಗಿಟಾರುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದಷ್ಟೇ ಗಮನಿಸಬೇಕು.