ಕನ್ನಡಕ ಹಾಕಿದರೆ ಪೈಲಟ್ ಆಗಲ್ಲವೇ? ಫೀಸು ಕಟ್ಟುವ ಮೊದಲು ಮೆಡಿಕಲ್ ಬಗ್ಗೆ ತಿಳಿದುಕೊಳ್ಳಿ

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆಂದು 2025ರಲ್ಲಿ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ: ಚೂಡಹಳ್ಳಿ ಮತ್ತು ಸೋಮನಹಳ್ಳಿ. ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದೆ ಬಂದರೆ ಹಾರೋಹಳ್ಳಿ. ನಿಲ್ದಾಣ ಇಲ್ಲೇ ಬರುತ್ತದೋ ನೆಲಮಂಗಲದ ಕಡೆ ಹೋಗುತ್ತದೋ, ಅದು ಬೇರೆ ಮಾತು. ಆದರೆ ಏರ್‌ಪೋರ್ಟ್ ಸುದ್ದಿ ಬಂದ ಊರಿನಲ್ಲಿ ಪಿಯುಸಿ ಸೈನ್ಸ್ ಓದುವ ಮಕ್ಕಳಿಗೆ ಪೈಲಟ್ ಆಗುವ ಆಸೆ ಹುಟ್ಟುವುದು ಸಹಜ. ಆಸೆಯ ಬೆನ್ನಿಗೇ ವಾಟ್ಸಾಪ್ ಫಾರ್ವರ್ಡ್‌ಗಳೂ ಬರುತ್ತವೆ: "ಕನ್ನಡಕ ಇದ್ದರೆ ಪೈಲಟ್ ಆಗಲ್ಲ", "ಒಮ್ಮೆ ಅನ್‌ಫಿಟ್ ಆದರೆ ಜೀವನಪೂರ್ತಿ ಅನ್‌ಫಿಟ್", "ಮೊದಲು ಕೋರ್ಸ್ ಸೇರಿ, ಮೆಡಿಕಲ್ ಆಮೇಲೆ ನೋಡಿಕೊಳ್ಳೋಣ".

ಈ ಮೂರರಲ್ಲಿ ಹೆಚ್ಚು ಅಪಾಯಕಾರಿ ಕೊನೆಯದು. ವಾಣಿಜ್ಯ ಪೈಲಟ್ ಲೈಸೆನ್ಸ್ (ಸಿಪಿಎಲ್) ಪಡೆಯಲು ಕನಿಷ್ಠ 200 ಗಂಟೆ ಹಾರಾಟ ಬೇಕು. ಅದರ ಖರ್ಚು ಅರ್ಧ ಕೋಟಿ ರೂಪಾಯಿಯ ಹತ್ತಿರ ಹೋಗುತ್ತದೆ, ದಾಟುವುದೂ ಉಂಟು. ಅಂದರೆ ಜಮೀನು ಮಾರಬೇಕು, ಇಲ್ಲವೇ ಮನೆ ಅಡ ಇಟ್ಟು ಸಾಲ ತೆಗೆಯಬೇಕು. ಮೆಡಿಕಲ್ ಪರೀಕ್ಷೆಯ ಖರ್ಚು ಸಾವಿರಗಳ ಲೆಕ್ಕದ್ದು. ಸಾವಿರದ ಪರೀಕ್ಷೆಯನ್ನು ಬಿಟ್ಟು ಲಕ್ಷದ ಫೀಸು ಮೊದಲು ಕಟ್ಟಿದರೆ, ಒಂದು ಸಣ್ಣ ಬಣ್ಣದ ಚಿತ್ರ ಓದಲಾಗದೆ ಎಲ್ಲವೂ ನಿಂತುಹೋಗಬಹುದು.

ಪರೀಕ್ಷೆ ಎಲ್ಲಿ, ಹೇಗೆ?

ನಮ್ಮ ದೇಶದಲ್ಲಿ ಇದರ ನಿಯಮ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ. ಮೆಡಿಕಲ್‌ನಲ್ಲಿ ಮುಖ್ಯವಾಗಿ ಎರಡು ದರ್ಜೆ. ಕಲಿಯುವ ಪೈಲಟ್‌ಗೆ ಮತ್ತು ಖಾಸಗಿಯಾಗಿ ಹಾರಿಸುವವರಿಗೆ ಕ್ಲಾಸ್ 2. ಸಂಬಳಕ್ಕೆ ವಿಮಾನ ಹಾರಿಸುವವರಿಗೆ ಕ್ಲಾಸ್ 1. ಮೊದಲು ಕ್ಲಾಸ್ 2 ಮಾಡಿಸಬೇಕು. ಇದನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡುತ್ತಾರೆ, ಬೆಂಗಳೂರಿನಲ್ಲೂ ಇದ್ದಾರೆ. ಊರಿನ ಯಾವುದೋ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ಡಿಜಿಸಿಎಯ ಆನ್‌ಲೈನ್ ವ್ಯವಸ್ಥೆ 'ಇಜಿಸಿಎ'ಯಲ್ಲಿ ನೋಂದಾಯಿಸಿದ ಮೇಲೆ ನಿಮ್ಮ ಹೆಸರಿಗೆ ಒಂದು ಮೆಡಿಕಲ್ ಫೈಲ್ ತೆರೆಯುತ್ತದೆ. ನಿವೃತ್ತಿಯವರೆಗೂ ಆ ಫೈಲ್ ನಿಮ್ಮ ಹಿಂದೆಯೇ ಬರುತ್ತದೆ.

ಮೊದಲ ಸಲದ ಕ್ಲಾಸ್ 1 ಪರೀಕ್ಷೆಯನ್ನು ವಾಯುಪಡೆಯ ವೈದ್ಯಕೀಯ ಕೇಂದ್ರಗಳು ಮತ್ತು ಡಿಜಿಸಿಎ ಅನುಮೋದಿಸಿದ ನಾಗರಿಕ ಕೇಂದ್ರಗಳು ಮಾಡುತ್ತವೆ. ಇಂಥ ಕೇಂದ್ರಗಳಲ್ಲಿ ದೇಶಕ್ಕೇ ಹೆಸರಾದದ್ದು ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿದೆ: ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. 1957ರಲ್ಲಿ ಶುರುವಾದ ಸಂಸ್ಥೆ ಇದು. ಗಗನಯಾನಕ್ಕೆ ವಾಯುಪಡೆಯ ಪೈಲಟ್‌ಗಳ ಮೊದಲ ಹಂತದ ವೈದ್ಯಕೀಯ ಆಯ್ಕೆ 2019ರಲ್ಲಿ ನಡೆದದ್ದೂ ಇಲ್ಲೇ. ಇನ್ನೊಂದು ದೊಡ್ಡ ಕೇಂದ್ರ ದೆಹಲಿಯಲ್ಲಿದೆ.

ಪರೀಕ್ಷೆಯಲ್ಲಿ ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗ್, ಕಿವಿ, ಮೂಗು, ಕಣ್ಣು ಎಲ್ಲವನ್ನೂ ನೋಡುತ್ತಾರೆ. ಹಿಂದಿನ ಕಾಯಿಲೆ, ಆಪರೇಷನ್, ಮೂರ್ಛೆ, ತಲೆಗೆ ಪೆಟ್ಟು ಇವನ್ನೂ ಕೇಳುತ್ತಾರೆ.

ಕನ್ನಡಕದ ವಿಷಯ

"ಕನ್ನಡಕ ಇದ್ದರೆ ಪೈಲಟ್ ಆಗಲ್ಲ" ಎಂಬುದು ನಾಗರಿಕ ವಿಮಾನಯಾನದ ಮಟ್ಟಿಗೆ ಸುಳ್ಳು. ವಾಯುಪಡೆಯ ಫೈಟರ್ ಪೈಲಟ್ ಆಯ್ಕೆಯ ಬಿಗಿ ನಿಯಮವನ್ನು ಯಾರೋ ಇಲ್ಲಿಗೂ ಎಳೆದು ತಂದು ಅಂಟಿಸಿದ್ದಾರೆ. (ಹಚ್ಚೆ ಇದ್ದರೆ ಪೈಲಟ್ ಆಗಲ್ಲ ಎನ್ನುವ ಫಾರ್ವರ್ಡ್‌ನ ಮೂಲವೂ ಸೇನಾ ನೇಮಕಾತಿಯ ನಿಯಮವೇ.) ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕ್ಲಾಸ್ 1ಗೆ ಪ್ರತಿ ಕಣ್ಣಿನ ದೂರದೃಷ್ಟಿ ಬೇರೆ ಬೇರೆಯಾಗಿ 6/9, ಎರಡೂ ಕಣ್ಣು ಸೇರಿ 6/6 ಇರಬೇಕು. ಕನ್ನಡಕ ಹಾಕಿಕೊಂಡು ಅಷ್ಟು ಕಂಡರೆ ಸಾಕು. ಒಂದೇ ಷರತ್ತು: ಹಾರುವಾಗ ಅದನ್ನು ಹಾಕಿಕೊಂಡೇ ಇರಬೇಕು, ಇನ್ನೊಂದು ಜೊತೆ ಕನ್ನಡಕ ಕೈಗೆ ಸಿಗುವಂತಿರಬೇಕು. ಪೈಲಟ್ ಆಗುವುದಕ್ಕೆಂದೇ ಓಡಿಹೋಗಿ ಲೇಸಿಕ್ ಮಾಡಿಸಬೇಡಿ. ಮಾಡಿಸಿದ ಮೇಲೆ ಕಾಯಬೇಕು, ಪವರ್ ಸ್ಥಿರವಾಗಿದೆ ಎಂದು ತೋರಿಸಬೇಕು. ಮೊದಲು ಡಿಜಿಸಿಎ ಪರೀಕ್ಷಕರನ್ನು ಕೇಳಿ.

ಬಣ್ಣಗುರುಡು ಮಾತ್ರ ನಿಜವಾದ ತೊಡಕು. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸುತ್ತದೆ, ಏಕೆಂದರೆ ಅದಕ್ಕೆ ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್. ಹುಟ್ಟಿನಿಂದಲೇ ಹಾಗೆ ಕಾಣುವುದರಿಂದ ಎಷ್ಟೋ ಹುಡುಗರಿಗೆ ತಮಗೆ ಇದು ಇದೆ ಎಂಬುದೇ ಗೊತ್ತಿರುವುದಿಲ್ಲ. ಸಿಗ್ನಲ್ ದಾಟುವಾಗ ಮೇಲಿನದು ಕೆಂಪು, ಕೆಳಗಿನದು ಹಸಿರು ಎಂದು ಜಾಗ ನೋಡಿ ನಡೆದುಕೊಂಡುಬಿಡುತ್ತಾರೆ. ರನ್‌ವೇ ಪಕ್ಕದ ನಾಲ್ಕು ದೀಪಗಳ ಮುಂದೆ ಈ ಉಪಾಯ ನಡೆಯದು. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿದ್ದರೆ ಅವುಗಳಲ್ಲಿ ಎರಡು ಬಿಳಿ, ಎರಡು ಕೆಂಪು. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ ಎಂದರ್ಥ. ಇಲ್ಲಿ ಬಣ್ಣವೇ ಮಾತು. ಹಾಗಾಗಿ ಚುಕ್ಕೆಗಳ ನಡುವೆ ಅಂಕಿ ಅಡಗಿರುವ 'ಇಶಿಹರಾ' ಪುಸ್ತಕ ತೋರಿಸಿ ಪರೀಕ್ಷಿಸುತ್ತಾರೆ. ಹತ್ತಿರದ ಕಣ್ಣಿನ ಡಾಕ್ಟರ ಬಳಿ ಇದನ್ನು ಕೆಲವೇ ನಿಮಿಷದಲ್ಲಿ ಮಾಡಿಸಬಹುದು. ಮೊಬೈಲ್ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ, ಪರದೆಯಿಂದ ಪರದೆಗೆ ಬಣ್ಣ ಬದಲಾಗುತ್ತದೆ.

ಅನ್‌ಫಿಟ್ ಎಂದರೆ ಮುಗಿಯಿತೇ?

ಇಲ್ಲ. 'ತಾತ್ಕಾಲಿಕ ಅನ್‌ಫಿಟ್' ಬೇರೆ, 'ಶಾಶ್ವತ ಅನ್‌ಫಿಟ್' ಬೇರೆ. ತೂಕ ಹೆಚ್ಚು, ಹಿಮೋಗ್ಲೋಬಿನ್ ಕಡಿಮೆ, ಬಿಪಿ ಏರಿದೆ, ಕಿವಿ ತಮಟೆಯಲ್ಲಿ ತೂತು, ಹರ್ನಿಯಾ ಎಂಬ ಕಾರಣಗಳಿಗೆ ಸಾಮಾನ್ಯವಾಗಿ ಕೊಡುವುದು ತಾತ್ಕಾಲಿಕ. ಚಿಕಿತ್ಸೆ ಪಡೆದು ಮತ್ತೆ ಹಾಜರಾಗಬಹುದು. ಕಿಡ್ನಿ ಕಲ್ಲೂ ಈ ಪಟ್ಟಿಗೇ ಸೇರುತ್ತದೆ. ನೋವೇ ಇಲ್ಲದ ಸಣ್ಣ ಕಲ್ಲಿಗೆ ಯಾಕೆ ತಡೆಯುತ್ತಾರೆ ಎಂದು ಸಿಟ್ಟಾಗುವವರಿದ್ದಾರೆ. ಕಲ್ಲು ಜಾರಿದಾಗಿನ ನೋವು ಒಮ್ಮೆ ಅನುಭವಿಸಿದವರು ಈ ಪ್ರಶ್ನೆ ಕೇಳುವುದಿಲ್ಲ. ಶಾಶ್ವತ ಅನ್‌ಫಿಟ್ ಎಂದರೂ ಡಿಜಿಸಿಎಗೆ ಮೇಲ್ಮನವಿ ಸಲ್ಲಿಸಿ ಮರುಪರಿಶೀಲನೆ ಕೇಳುವ ದಾರಿ ಇದೆ.

ಶುಗರ್ ಬಗ್ಗೆಯೂ ಗೊಂದಲವಿದೆ. ಪಥ್ಯದಲ್ಲಿ ಅಥವಾ ಒಪ್ಪಿತ ಮಾತ್ರೆಯಲ್ಲಿ ಹತೋಟಿಗೆ ಬಂದ ಮಧುಮೇಹ ಇರುವವರಿಗೆ ಅಂತರರಾಷ್ಟ್ರೀಯ ನಿಯಮ ಬಾಗಿಲು ಮುಚ್ಚಿಲ್ಲ. ಇನ್ಸುಲಿನ್ ವಿಷಯದಲ್ಲಿ ಮಾತ್ರ ಅದು ಬಿಗಿ. ಸಕ್ಕರೆ ಏರುವುದಕ್ಕಿಂತ ದಿಢೀರ್ ಇಳಿದು ಮಂಪರು ಬರುವುದೇ ಅಲ್ಲಿನ ಭಯ.

ಇಷ್ಟು ಬಿಗಿ ಏಕೆ?

ಬಸ್ಸಿನ ಡ್ರೈವರ್‌ಗೆ ತಲೆಸುತ್ತು ಬಂದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಬಹುದು. ಆಕಾಶದಲ್ಲಿ ಪಕ್ಕ ಎಂಬುದಿಲ್ಲ. ಹಾಗೆಂದು ಪೈಲಟ್ ಪೈಲ್ವಾನನಾಗಿರಬೇಕು ಎಂದೇನೂ ಇಲ್ಲ. ವೈದ್ಯರು ಕೇಳುವ ಪ್ರಶ್ನೆ ಒಂದೇ: ಮುಂದಿನ ಒಂದು ವರ್ಷದಲ್ಲಿ ಈ ವ್ಯಕ್ತಿ ದಿಢೀರ್ ಕುಸಿದು ಬೀಳುವ ಸಾಧ್ಯತೆ ಎಷ್ಟು?

ವಿಮಾನಯಾನ ವೈದ್ಯಶಾಸ್ತ್ರದಲ್ಲಿ ಇದಕ್ಕೆ 'ಒಂದು ಶೇಕಡಾ ನಿಯಮ' ಎಂಬ ಲೆಕ್ಕವಿದೆ. ಸಾಧ್ಯತೆ ವರ್ಷಕ್ಕೆ ನೂರರಲ್ಲಿ ಒಂದನ್ನು ಮೀರಬಾರದು. ವರ್ಷಕ್ಕೆ 8,760 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಒಂದು ಗಂಟೆಯ ಹಾರಾಟದಲ್ಲಿ ಏರುವ, ಇಳಿಯುವ ನಾಜೂಕಿನ ಸಮಯ ಸುಮಾರು ಹತ್ತನೇ ಒಂದು ಭಾಗ ಎಂದುಕೊಂಡರೆ ಅದು ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ. ಪಕ್ಕದ ಪೈಲಟ್ ನೂರರಲ್ಲಿ 99 ಸಲ ವಿಮಾನವನ್ನು ಕೈಗೆ ತೆಗೆದುಕೊಂಡು ಉಳಿಸುತ್ತಾರೆ ಎಂದು ಸೇರಿಸಿದರೆ ನೂರು ಕೋಟಿಯಲ್ಲಿ ಒಂದು. ಇಡೀ ಲೆಕ್ಕ ನಿಂತಿರುವುದು ಇನ್ನೊಬ್ಬ ಪೈಲಟ್ ಇದ್ದಾರೆ ಎಂಬುದರ ಮೇಲೆ.

ಅದಕ್ಕೇ ಅವಧಿಯ ನಿಯಮ ಹೀಗಿದೆ: ಕ್ಲಾಸ್ 1 ಸಾಮಾನ್ಯವಾಗಿ 12 ತಿಂಗಳು. 40 ದಾಟಿದವರು ಒಬ್ಬರೇ ಪ್ರಯಾಣಿಕರನ್ನು ಕರೆದೊಯ್ಯುವುದಾದರೆ 6 ತಿಂಗಳು. 60 ದಾಟಿದರೆ ಎಲ್ಲರಿಗೂ 6 ತಿಂಗಳು. 65ಕ್ಕೆ ಏರ್‌ಲೈನ್ ಹಾರಾಟ ಬಂದ್.

ಎರಡು ಪರೀಕ್ಷೆಗಳ ನಡುವೆ

ಸರ್ಟಿಫಿಕೇಟ್ ಪರೀಕ್ಷೆಯ ದಿನದ ದೇಹದ ಬಗ್ಗೆ ಹೇಳುತ್ತದೆ, ಇಂದು ಬೆಳಗಿನ ಬಗ್ಗೆ ಅಲ್ಲ. ಆರೋಗ್ಯ ಕೆಟ್ಟಿದೆ ಎಂದು ಗೊತ್ತಿದ್ದೂ ಹಾರುವಂತಿಲ್ಲ, ಕಾಗದ ಚಾಲ್ತಿಯಲ್ಲಿದ್ದರೂ ಸರಿಯೇ. ನೆಗಡಿಯನ್ನೇ ತೆಗೆದುಕೊಳ್ಳಿ. ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿದ ಅನುಭವ ನಿಮಗಿರಬಹುದು. ವಿಮಾನದೊಳಗಿನ ಒತ್ತಡ ಸುಮಾರು 8,000 ಅಡಿ ಬೆಟ್ಟದ ಮೇಲಿನಷ್ಟಕ್ಕೆ ಇಳಿದು ಮತ್ತೆ ಏರುತ್ತದೆ. ಮೂಗು ಕಟ್ಟಿದವರಿಗೆ ಆಗ ಕಿವಿ ತಮಟೆ ಹರಿಯುವಷ್ಟು ನೋವು ಬರಬಹುದು. ಹೋಗಲಿ ಎಂದು ನೆಗಡಿ ಮಾತ್ರೆ ನುಂಗಿದರೆ ನಿದ್ದೆ ಎಳೆಯುತ್ತದೆ. ಅದಕ್ಕೇ ಮೆಡಿಕಲ್ ಶಾಪಿನ ಮಾತ್ರೆಯನ್ನೂ ಪೈಲಟ್‌ಗಳು ಕೇಳಿಯೇ ತೆಗೆದುಕೊಳ್ಳಬೇಕು. ಮದ್ಯದ ನಿಯಮ ಇನ್ನೂ ಸರಳ: ಹಾರಾಟಕ್ಕೆ ಮುಂಚಿನ 12 ಗಂಟೆ ಮುಟ್ಟುವಂತಿಲ್ಲ, ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು.

ನಿದ್ದೆಯನ್ನು ಯಾವ ಪ್ರಯೋಗಾಲಯವೂ ಮುಂಚಿತವಾಗಿ ಅಳೆಯಲಾರದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ಸತ್ತರು, ಉಳಿದವರು 8 ಜನ. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಸಿಕ್ಕಿದ್ದು ಸುಮಾರು ಎರಡು ಗಂಟೆ. ಅದರಲ್ಲಿ ಬಹುಪಾಲು ಮಾತೇ ಇಲ್ಲ, ಕ್ಯಾಪ್ಟನ್ ಗೊರಕೆ ಕೇಳಿಸುತ್ತದೆ. ದೀರ್ಘ ನಿದ್ದೆಯಿಂದ ಎದ್ದ ತಕ್ಷಣ ಮಿದುಳಿಗೆ ಕವಿಯುವ ಮಂಕು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ತನಿಖಾ ವರದಿ ಹೇಳಿತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹ ಪೈಲಟ್ ಹೇಳಿದ್ದರು.

ಮುಚ್ಚಿಟ್ಟರೆ?

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹ ಪೈಲಟ್ ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಗುದ್ದಿಸಿದ. 150 ಜನ ಹೋದರು. ಅವನಿಗೆ ರಜೆ ಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿ ಕಂಪನಿಗೆ ತಲುಪಿರಲೇ ಇಲ್ಲ. ಕಾಯಿಲೆ ಹೇಳಿಕೊಂಡರೆ ಹಾರಾಟವೂ ಹೋಗುತ್ತದೆ, ಸಂಬಳವೂ ಹೋಗುತ್ತದೆ ಎಂಬ ಹೆದರಿಕೆ ಪೈಲಟ್‌ಗಳ ಬಾಯಿ ಕಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ತನಿಖಾ ಸಂಸ್ಥೆ ಎತ್ತಿ ತೋರಿಸಿತು. ನಮ್ಮ ಡಿಜಿಸಿಎ ಕೂಡ 2023ರಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಪೈಲಟ್‌ಗಳು ತಮ್ಮವರ ಬಳಿಯೇ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆ ಇರಬೇಕು ಎಂದಿತು.

ಹಾಗೆಂದು ಪ್ರತಿ ಅಪಘಾತಕ್ಕೂ ಪೈಲಟ್ ಮನಸ್ಸನ್ನೇ ಹೊಣೆ ಮಾಡುವ ಫಾರ್ವರ್ಡ್ ನಂಬಬೇಕಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ಅಂಥವು ಸಾಕಷ್ಟು ಹರಿದಾಡಿದವು. ಜುಲೈನಲ್ಲಿ ಬಂದ ಪ್ರಾಥಮಿಕ ವರದಿಯಲ್ಲಿ ಇದ್ದದ್ದು ಇಷ್ಟು: ಇಬ್ಬರಿಗೂ ಸಾಕಷ್ಟು ವಿಶ್ರಾಂತಿ ಸಿಕ್ಕಿತ್ತು, ಇಬ್ಬರೂ ಉಸಿರಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಆ ದುರಂತದ ನಾಲ್ಕು ದಿನಗಳ ಬಳಿಕ ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದ್ದನ್ನು ಸರ್ಕಾರ ಲೋಕಸಭೆಗೆ ತಿಳಿಸಿತು. ಕೆಲವರು ಇದನ್ನು ಹೆದರಿಕೆ ಎಂದು ಹಂಚಿಕೊಂಡರು. ಹಾರುವ ಸ್ಥಿತಿಯಲ್ಲಿಲ್ಲ ಎಂದು ಅನಿಸಿದ ಪೈಲಟ್ ಮನೆಯಲ್ಲಿ ಉಳಿದರೆ ಅದು ನಿಯಮ ಕೇಳುವುದನ್ನೇ ಮಾಡಿದಂತೆ.

ಹಾಗಾದರೆ ಪಿಯುಸಿ ಮುಗಿಸಿದ ಮಗ ಅಥವಾ ಮಗಳು ಈಗ ಏನು ಮಾಡಬೇಕು? ಈ ವಾರವೇ ಕಣ್ಣಿನ ಡಾಕ್ಟರ ಬಳಿ ಬಣ್ಣದ ಪರೀಕ್ಷೆ, ಆಮೇಲೆ ಕ್ಲಾಸ್ 2, ಅದು ಸಿಕ್ಕ ಕೂಡಲೇ ಕ್ಲಾಸ್ 1. ಕ್ಲಾಸ್ 1 ಕೈಗೆ ಬಂದ ಮೇಲೆ ಫ್ಲೈಯಿಂಗ್ ಸ್ಕೂಲಿನ ಅರ್ಜಿ. ಪರೀಕ್ಷೆಗೆ ಹೋಗುವಾಗ ಕನ್ನಡಕದ ಚೀಟಿ, ಹಳೆಯ ಆಪರೇಷನ್ ಕಾಗದ, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ಒಯ್ಯಿರಿ. "ಮೆಡಿಕಲ್ ನಾವು ಮಾಡಿಸಿಕೊಡುತ್ತೇವೆ, ಈ ವಿಷಯ ಹೇಳಬೇಡಿ" ಎನ್ನುವ ಏಜೆಂಟರು ಸಿಕ್ಕರೆ ಎದ್ದು ಬನ್ನಿ. ಫಾರಂನಲ್ಲಿ ಸುಳ್ಳು ಬರೆದು ಸಹಿ ಹಾಕುವುದು ಏಜೆಂಟ್ ಅಲ್ಲ, ನಿಮ್ಮ ಮಗು.