ಮುಂಡರಗಿ ಶಿಬಿರದಿಂದ ಲೋಕಸಭೆಗೆ

ನಮ್ಮ ಸಿರವಾರದಲ್ಲಿ ವರ್ಷಕ್ಕೆ ಮೂರು ಸಲ ಧ್ವಜ ಏರುತ್ತದೆ. ಬೆಂಗಳೂರಿನ ಗೆಳೆಯರಿಗೆ ಎರಡರ ಲೆಕ್ಕ ಗೊತ್ತು. ಮೂರನೆಯದು ಸೆಪ್ಟೆಂಬರ್ 17 ಎಂದು ಬಿಡಿಸಿ ಹೇಳಬೇಕಾಗುತ್ತದೆ. 1947ರ ಆಗಸ್ಟ್ 15ರಂದು ರಾಯಚೂರು, ಮಾನ್ವಿ, ದೇವದುರ್ಗ ಇನ್ನೂ ನಿಜಾಮನ ಕೈಯಲ್ಲೇ ಇದ್ದವು. ಬಿಡುಗಡೆಗೆ ಮತ್ತೆ ಹದಿಮೂರು ತಿಂಗಳು ಹಿಡಿಯಿತು.

ಆ ದಿನದ ಭಾಷಣಗಳಲ್ಲಿ ಸರ್ದಾರ್ ಪಟೇಲರು ಬರುತ್ತಾರೆ, ಸ್ವಾಮಿ ರಮಾನಂದ ತೀರ್ಥರು ಬರುತ್ತಾರೆ. ನಾನು ಕಾಯುವುದು ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರಿಗೆ. ಅಳವಂಡಿ ಈಗ ಕೊಪ್ಪಳ ಜಿಲ್ಲೆಯ ಊರು. 1997ರವರೆಗೆ ಕೊಪ್ಪಳವೂ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1938ರಲ್ಲಿ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಪ್ರಜೆಗಳು ಆರಿಸಿದವರಿಗೆ ಉತ್ತರ ಹೇಳುವ ಆಡಳಿತವನ್ನು. ಅಷ್ಟಕ್ಕೇ ನಿಷೇಧ ಬಿತ್ತು. 1947ರ ಹೊತ್ತಿಗೆ ಆ ಬೇಡಿಕೆ ಭಾರತದೊಂದಿಗೆ ವಿಲೀನದ ಹೋರಾಟವಾಗಿ ಬೆಳೆದಿತ್ತು, ಎದುರಿಗೆ ರಜಾಕಾರರಿದ್ದರು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಮುಂಡರಗಿ ಗಡಿಯಾಚೆಯ ಊರು. ಅಲ್ಲಿ ಶಿಬಿರ ಕಟ್ಟಿ ನಡೆಸಿದವರು ಶಿವಮೂರ್ತಿಸ್ವಾಮಿಗಳು. ಗಜೇಂದ್ರಗಡದ ಶಿಬಿರ ಪುಂಡಲೀಕಪ್ಪ ಜ್ಞಾನಮೋಠೆಯವರದು. ಊರು ಬಿಟ್ಟು ಬಂದ ಯುವಕರು ಇಂಥ ಗಡಿ ಶಿಬಿರಗಳಲ್ಲಿ ಬಂದೂಕು ಹಿಡಿಯುವುದನ್ನು ಕಲಿತರು, ಗಡಿ ದಾಟಿ ಪೊಲೀಸ್ ಠಾಣೆ, ಕರೋಡಗಿರಿ ನಾಕೆಗಳ ಮೇಲೆ ದಾಳಿ ಮಾಡಿ ಮರಳುತ್ತಿದ್ದರು. ಮತದ ಹಕ್ಕಿಗಾಗಿ ಬಂದೂಕು! ಇದನ್ನು ಓದುವಾಗೆಲ್ಲ ನನಗೆ ಸ್ವಲ್ಪ ಇರುಸುಮುರುಸು. ಮತಪೆಟ್ಟಿಗೆಯೇ ಇಲ್ಲದ ಸೀಮೆಯಲ್ಲಿ ಅವರು ಬೇರೇನು ಮಾಡಬಹುದಿತ್ತು ಎಂದರೆ ನನ್ನಲ್ಲೂ ಉತ್ತರವಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಶರಣಾದ. ಆದರೂ ಮತದಾನ ಕೂಡಲೇ ಬರಲಿಲ್ಲ. ಮೊದಲು ಮಿಲಿಟರಿ ಗವರ್ನರ್ ಜೆ. ಎನ್. ಚೌಧರಿ, ಆಮೇಲೆ ದೆಹಲಿ ನೇಮಿಸಿದ ಮುಖ್ಯಮಂತ್ರಿ ಎಂ. ಕೆ. ವೆಲ್ಲೋಡಿ. ನಮ್ಮ ಹಿರಿಯರು ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ್ದು 1952ರಲ್ಲಿ.

ಆ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ನಿಂತರು, ಕಾಂಗ್ರೆಸ್ಸಿನಿಂದಲ್ಲ, ಪಕ್ಷೇತರರಾಗಿ. ಗೆದ್ದರು. ಸ್ವಾತಂತ್ರ್ಯ ತಂದ ಪಕ್ಷವೆಂದು ದೇಶವೆಲ್ಲ ಕಾಂಗ್ರೆಸ್ಸಿಗೆ ಮತ ಒತ್ತುತ್ತಿದ್ದ ಹೊತ್ತು ಅದು. ಜೀವನದಲ್ಲಿ ಮೊದಲ ಸಲ ಮತಪೆಟ್ಟಿಗೆ ಕಂಡ ಜನ ತಾವು ಬಲ್ಲವನನ್ನು ಆರಿಸಿ ಕಳಿಸಿದ್ದು ನನಗೆ ಮುಂಡರಗಿಯ ಸಾಹಸಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ರಾಜ್ಯ ಪುನರ್ವಿಂಗಡಣೆ ಕಾಯ್ದೆ ಅಂಗೀಕಾರವಾದದ್ದು ಅದೇ ಲೋಕಸಭೆಯ ಅವಧಿಯಲ್ಲಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.

ಮರುವರ್ಷದ ಚುನಾವಣೆಯಲ್ಲಿ ಕೊಪ್ಪಳ ಕ್ಷೇತ್ರ ಕಾಂಗ್ರೆಸ್ ಪಾಲಾಯಿತು. ಐದು ವರ್ಷದ ನಂತರ, 1962ರಲ್ಲಿ, ಅದೇ ಕೊಪ್ಪಳ ಸ್ವಾಮಿಗಳನ್ನು ಲೋಕಸೇವಕ ಸಂಘದ ಹೆಸರಿನಲ್ಲಿ ಮತ್ತೆ ದೆಹಲಿಗೆ ಕಳಿಸಿತು. ಸೆಪ್ಟೆಂಬರ್ 17ರ ಭಾಷಣಗಳು ಅಲ್ಲಿಯವರೆಗೆ ಬರುವುದಿಲ್ಲ. ನಿಜಾಮ ಶರಣಾದ ಕೂಡಲೇ ಮಕ್ಕಳಿಗೆ ಸಿಹಿ ಹಂಚಲು ಶುರುಮಾಡುತ್ತಾರೆ.