ಹಿತ್ತಲ ಮದ್ದು: ಸಿಂಗಪುರ ಕಲಿಸಿದ ಪಾಠ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದ್ದರೂ, ನಮ್ಮ ಅಜ್ಜಿಯರು ಮದ್ದಿಗಾಗಿ ಹಿತ್ತಲಿಗೇ ಹೋಗುತ್ತಿದ್ದರು. ಕೆಮ್ಮಿಗೆ ದೊಡ್ಡಪತ್ರೆ, ಕಾಮಾಲೆಗೆ ನೆಲನೆಲ್ಲಿ, ತಂಬುಳಿಗೆ ಒಂದೆಲಗ. ಸಿಂಗಪುರದ ಹಳ್ಳಿಗಳಾದ ಕಂಪೊಂಗ್‌ಗಳಲ್ಲಿಯೂ ಮಲಯ ಅಜ್ಜಿಯರು ಇದೇ ಗಿಡಗಳನ್ನು ಬಲ್ಲವರಾಗಿದ್ದರು. ನಮ್ಮ ಒಂದೆಲಗ ಅವರಿಗೆ ಪೆಗಾಗ. ನೆಲನೆಲ್ಲಿ 'ದುಕುಂಗ್ ಅನಾಕ್', ಅಂದರೆ ಮಗುವನ್ನು ಹೊತ್ತದ್ದು. ಎಲೆಗಳ ಅಡಿಯಲ್ಲಿ ಸಾಲಾಗಿ ತೂಗುವ ಪುಟ್ಟ ಕಾಯಿಗಳನ್ನು ಕಂಡು ಇಟ್ಟ ಹೆಸರು.

ಈ ಬಾಯಿಮಾತಿನ ವಿದ್ಯೆ ಇಲ್ಲಿ ಬರಹಕ್ಕಿಳಿದುದು ನಮ್ಮ ಪುಣ್ಯ. 1859ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನಕ್ಕೆ 1912ರಿಂದ 1925ರವರೆಗೆ ನಿರ್ದೇಶಕರಾಗಿದ್ದ ಐ. ಎಚ್. ಬರ್ಕಿಲ್, ಮೊಹಮ್ಮದ್ ಹನೀಫ್ ಅವರ ಜೊತೆಗೂಡಿ ಮಲಯ ಹಳ್ಳಿಮದ್ದುಗಳ ವಿವರವನ್ನು 1930ರಲ್ಲಿ ಪ್ರಕಟಿಸಿದರು. 1935ರಲ್ಲಿ ಬರ್ಕಿಲ್ಲರ ಎರಡು ಸಂಪುಟಗಳ ಸಸ್ಯೋತ್ಪನ್ನ ನಿಘಂಟು ಹೊರಬಂತು. 1960ರಲ್ಲಿ ವಸತಿ ಮಂಡಳಿ ಹುಟ್ಟಿದ ಮೇಲೆ ಕಂಪೊಂಗ್‌ಗಳು ಒಂದೊಂದಾಗಿ ಮರೆಯಾದವು, ಹಿತ್ತಲೂ ಹೋಯಿತು. ಬರೆದಿಟ್ಟದ್ದು ಉಳಿಯಿತು.

ಆದರೆ ಬರೆದಿಟ್ಟರೆ ಸಾಲದು, ಪರೀಕ್ಷಿಸಲೂ ಬೇಕು. ಆ ಕಾಲದಲ್ಲಿ ಇಲ್ಲಿನ ಅನೇಕ ಹಸುಗೂಸುಗಳು ತೀವ್ರ ಕಾಮಾಲೆಯಿಂದ ಮಿದುಳಿಗೆ ಘಾಸಿಯಾಗಿ ಸಾಯುತ್ತಿದ್ದವು, ಇಲ್ಲವೆ ಜೀವನಪರ್ಯಂತ ಅಂಗವಿಕಲವಾಗುತ್ತಿದ್ದವು. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯುಳ್ಳ ಮಕ್ಕಳಿಗೆ ಕೆಲವು ಮೂಲಿಕೆಗಳೂ ನುಸಿಗುಳಿಗೆಗಳೂ ಅಪಾಯವೆಂದು ಶಿಶುವೈದ್ಯ ಪ್ರೊ. ವಾಂಗ್ ಹಾಕ್ ಬೂನ್ ಎಚ್ಚರಿಸಿದರು. 1965ರಿಂದ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ಕೊರತೆಯನ್ನು ಪರೀಕ್ಷಿಸುವ ಪದ್ಧತಿ ಬಂತು. 1978ರಲ್ಲಿ ಬರ್ಬೆರಿನ್ ಉಳ್ಳ ಚೀನೀ ಮೂಲಿಕೆಗಳನ್ನು ನಿಷೇಧಿಸಲಾಯಿತು. ತಿಳಿವಳಿಕೆ ಬೆಳೆದಂತೆ 2013 ಮತ್ತು 2016ರಲ್ಲಿ ಹಂತಹಂತವಾಗಿ ನಿಷೇಧ ತೆರವಾಯಿತು.

ಇದು ಚೀನೀಯರ ಸಂಗತಿ, ನಮಗೇನು ಎನ್ನಬೇಡಿ. ನಮ್ಮ ಮರದರಿಶಿನದಲ್ಲಿಯೂ ಬರ್ಬೆರಿನ್ ಇದೆ. ಜಿ-6-ಪಿಡಿ ಕೊರತೆ ಭಾರತೀಯರಲ್ಲಿಯೂ ಉಂಟು. ಊರಲ್ಲಿ ಮಕ್ಕಳ ಕಫಕ್ಕೂ ಜಂತುಹುಳಕ್ಕೂ ಕೊಡುವ ಕುಪ್ಪಿಸೊಪ್ಪು ಇಲ್ಲಿಯೂ ಕಳೆಯಾಗಿ ಬೆಳೆಯುತ್ತದೆ. ಈ ಕೊರತೆ ಇದ್ದವರು ಅದನ್ನು ಸೇವಿಸಿ ಕೆಂಪು ರಕ್ತಕಣಗಳು ಒಡೆದುಹೋದ ಪ್ರಕರಣಗಳು ಶ್ರೀಲಂಕೆಯಿಂದ ವರದಿಯಾಗಿವೆ.

ಆದ್ದರಿಂದ ವೈದ್ಯನಾಗಿ ನನ್ನದು ಕೆಲವೇ ಬಿನ್ನಹಗಳು. ಮಗುವಿನ ಜಿ-6-ಪಿಡಿ ಫಲಿತಾಂಶವನ್ನು ಆರೋಗ್ಯ ಪುಸ್ತಕದಲ್ಲಿ ನೋಡಿಟ್ಟುಕೊಳ್ಳಿ. ಹಸುಗೂಸಿಗೆ ಯಾವ ಸೊಪ್ಪಿನ ರಸವನ್ನೂ ಹಾಕಬೇಡಿ. ಕಾಮಾಲೆ ಕಂಡರೆ ಮೊದಲು ರಕ್ತಪರೀಕ್ಷೆ ಮಾಡಿಸಿ. ನೆಲನೆಲ್ಲಿಯ ಮಾತು ಆಮೇಲೆ. ಸೇವಿಸುವ ಮೂಲಿಕೆಯನ್ನು ವೈದ್ಯರಿಂದ ಮುಚ್ಚಿಡಬೇಡಿ. ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಗಿಡ ಕೀಳುವುದು ಇಲ್ಲಿ ಅಪರಾಧ. ದೊಡ್ಡಪತ್ರೆ, ಒಂದೆಲಗಗಳಿಗೆ ಮನೆಯ ಕುಂಡವೇ ಸಾಕು.

ಸಸ್ಯೋದ್ಯಾನದಲ್ಲಿ 2011ರಲ್ಲಿ ತೆರೆದ ಔಷಧಿವನವಿದೆ. ಊರಿನಿಂದ ಹಿರಿಯರು ಬಂದಾಗ ಮಕ್ಕಳೊಡನೆ ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ಅವರು ಗುರುತಿಸಿದ ಗಿಡದ ಹೆಸರು, ಬಳಕೆ, ಪ್ರಮಾಣಗಳನ್ನು ಕನ್ನಡದಲ್ಲಿ ಬರೆದಿಡಿ. ಗಿಡ ತೋರಿಸಿ ಹೇಳಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಿರುವಾಗಲೇ ಈ ಕೆಲಸ ಆಗಬೇಕು.